46ನೇ ನಂಬರಿನ ಹಲ್ಲು

ಸಂಕ್ರಾಂತಿಯ ಮರುದಿನ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಹಬ್ಬದ ಸಜ್ಜೆ ರೊಟ್ಟಿ ಉಳಿದಿತ್ತು, ಜೊತೆಗೆ ಬಿಸಿ ಬೇಳೆ. ಎರಡನೆಯ ತುತ್ತಿಗೆ ಬಲಗಡೆ ಕೆಳದವಡೆಯಲ್ಲಿ ಕಟ್ ಎಂದಿತು. ಉಗುಳಿ ನೋಡಿದರೆ ಅಂಗೈಯಲ್ಲಿ ಎರಡು ಚೂರು. ಒಂದು ಕಲ್ಲು, ಇನ್ನೊಂದು ನನ್ನದೇ ಹಲ್ಲು.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಮುನೀಮ. ಇಪ್ಪತ್ತೆಂಟು ವರ್ಷಗಳಿಂದ ತೊಗರಿಯ ಆವಕ-ಜಾವಕ ಬರೆಯುತ್ತಿದ್ದೇನೆ. ಮಿಲ್ಲಿಗೆ ಬಂದ ತೊಗರಿ ಮೊದಲು ಜರಡಿಗೆ ಹೋಗುತ್ತದೆ, ಆಮೇಲೆ ಕಲ್ಲು ತೆಗೆಯುವ ಯಂತ್ರಕ್ಕೆ, ಬೇಳೆಯಾದ ಮೇಲೆ ಬಣ್ಣ ನೋಡಿ ಆರಿಸುವ ಸಾರ್ಟೆಕ್ಸಿಗೆ. 2019ರಲ್ಲಿ ನಮ್ಮ ತೊಗರಿಬೇಳೆಗೆ ಭೌಗೋಳಿಕ ಸೂಚಿಕೆ ಸಿಕ್ಕಾಗ ಸಾಹುಕಾರರು ಊರಿಗೆಲ್ಲ ಪೇಡೆ ಹಂಚಿದ್ದರು. ಅಂಥ ಮಿಲ್ಲಿನ ಮುನೀಮನ ತಾಟಿನಲ್ಲಿ ಕಲ್ಲು ಸಿಕ್ಕಿತೆಂದು ಯಾರ ಮುಂದೆ ಹೇಳಿಕೊಳ್ಳಲಿ? ಹೆಂಡತಿಯ ಮೇಲೆ ಕೂಗಾಡಿದೆ. "ಬೇಳೆ ನಿಮ್ಮ ಮಿಲ್ಲಿನದೇ" ಎಂದು ಅವಳು ತಣ್ಣಗೆ ಹೇಳಿದಳು. ಮಾತು ಅಲ್ಲಿಗೆ ಮುಗಿಯಿತು.

ಹಲ್ಲಿನ ಮಾತು ಮುಗಿಯಲಿಲ್ಲ. ಜನವರಿ ಎಂದರೆ ನಮಗೆ ಉಸಿರಾಡಲು ಬಿಡುವಿಲ್ಲದ ಕಾಲ. ನೆಹರೂ ಗಂಜ್‌ನಲ್ಲಿ ಹೊಸ ತೊಗರಿಯ ಚೀಲಗಳು ಆಳೆತ್ತರ ಬಿದ್ದಿರುತ್ತವೆ, ಲಾರಿಗಳು ಸಾಲುಗಟ್ಟಿರುತ್ತವೆ. ಮೊದಲು ತಣ್ಣೀರು ಕುಡಿದರೆ ಜುಮ್ಮೆಂದು ಕ್ಷಣದಲ್ಲಿ ಹೋಗುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಆ ಜುಮ್ಮು ಐದು ನಿಮಿಷ, ಹತ್ತು ನಿಮಿಷ ನಿಲ್ಲತೊಡಗಿತು. ಆಮೇಲೆ ತಣ್ಣೀರಿನ ಹಂಗೂ ಬೇಡವಾಯಿತು. ರಾತ್ರಿ ತಲೆ ದಿಂಬಿಗೆ ತಾಗಿದರೆ ಸಾಕು, ನಾಡಿಯ ಜೊತೆಗೇ ಹಲ್ಲು ಮಿಡಿಯುತ್ತಿತ್ತು. ಎದ್ದು ಕುಳಿತರೆ ಸ್ವಲ್ಪ ಕಡಿಮೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಏರುತ್ತದೆ, ಊದಿಕೊಂಡ ನರ ಹಲ್ಲೆಂಬ ಗಟ್ಟಿ ಡಬ್ಬಿಯೊಳಗೆ ಹಿಗ್ಗಲು ಜಾಗವಿಲ್ಲದೆ ಒದ್ದಾಡುತ್ತದೆ ಎಂಬುದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಒಂದೇ ಉಪಾಯ: ತಂಬಿಗೆಯಲ್ಲಿ ತಣ್ಣೀರು ಇಟ್ಟುಕೊಂಡು ಒಂದೊಂದೇ ಗುಟುಕು ಬಾಯಿಯಲ್ಲಿ ಹಿಡಿಯುವುದು. ಹದಿನೈದು ದಿನಗಳ ಹಿಂದೆ ಯಾವ ತಣ್ಣೀರು ನೋವು ತರುತ್ತಿತ್ತೋ ಈಗ ಅದೇ ಔಷಧಿ. ನೀರು ಬಾಯಿಯಲ್ಲಿ ಬೆಚ್ಚಗಾದ ಕೂಡಲೇ ನೋವು ಮರಳುತ್ತಿತ್ತು. ಉಗುಳಿ ಮತ್ತೊಂದು ಗುಟುಕು. ಬೆಳಗಿನ ಜಾವದ ಹೊತ್ತಿಗೆ ಎರಡು ತಂಬಿಗೆ ಖಾಲಿ.

ವಿಚಿತ್ರವೆಂದರೆ ಯಾವ ಹಲ್ಲು ನೋಯುತ್ತಿದೆ ಎಂದು ನನಗೇ ಹೇಳಲು ಬರುತ್ತಿರಲಿಲ್ಲ. ಒಮ್ಮೆ ಕೆಳಗಿನದು ಎನಿಸುತ್ತಿತ್ತು, ಒಮ್ಮೆ ಮೇಲಿನದು. ಒಂದು ರಾತ್ರಿ ಕಿವಿಯೇ ನೋಯುತ್ತಿದೆ ಎಂದು ಎಣ್ಣೆ ಬಿಸಿ ಮಾಡಿ ಕಿವಿಗೆ ಬಿಟ್ಟುಕೊಂಡೆ. ಬಲಗಡೆಯ ನೋವು ಎಡಗಡೆಗೆ ಮಾತ್ರ ಒಮ್ಮೆಯೂ ದಾಟಲಿಲ್ಲ.

ಮಿಲ್ಲಿನಲ್ಲಿ ಪ್ರತಿಯೊಬ್ಬರೂ ವೈದ್ಯರೇ. ಒಬ್ಬ ಹಮಾಲ ತಂಬಾಕಿನ ಎಸಳು ಇಟ್ಟುಕೊಳ್ಳಿ ಎಂದ. ಡ್ರೈವರ್ ಗುಳಿಗೆಯನ್ನು ಪುಡಿ ಮಾಡಿ ಒಸಡಿನ ಮೇಲೆಯೇ ಇಡಿ ಎಂದ. ಹಾಗೆ ಆಸ್ಪಿರಿನ್ ಇಟ್ಟರೆ ಒಸಡು ಸುಟ್ಟು ಬೆಳ್ಳಗಾಗುತ್ತದೆ. ದೇವರು ದೊಡ್ಡವನು, ನಾನು ಅದನ್ನು ಮಾಡಲಿಲ್ಲ. ಲವಂಗ ಕಚ್ಚಿಕೊಂಡೆ. ಅದರಲ್ಲಿರುವ ಯೂಜಿನಾಲ್ ಎಂಬ ಎಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ನಿಜ. ಮೆಡಿಕಲ್ ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿದೆ, ಅದು ಹೊಟ್ಟೆ ಉರಿಸಿದಾಗ ಆಮ್ಲದ ಗುಳಿಗೆ ನುಂಗಿದೆ. ಫೆಬ್ರವರಿ ಅರ್ಧ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಎದ್ದರೆ ನೋವಿಲ್ಲ. ತಣ್ಣೀರು ಮುಕ್ಕಳಿಸಿದೆ, ಏನೂ ಇಲ್ಲ. ಬಿಸಿ ಚಹಾ ಕುಡಿದೆ, ಏನೂ ಇಲ್ಲ. ಆ ಖಾತೆ ಬಂದ್ ಆಯಿತು ಎಂದುಕೊಂಡೆ.

ಹೋಳಿ ಹುಣ್ಣಿಮೆ ಕಳೆದು ಶರಣಬಸವೇಶ್ವರರ ಜಾತ್ರೆ ಬಂತು. ನಮ್ಮ ಮನೆ ಬ್ರಹ್ಮಪುರದಲ್ಲಿ, ದೇವಸ್ಥಾನದಿಂದ ನಡೆದು ಹೋಗುವಷ್ಟು ದೂರ. ಜಾತ್ರೆಗೆ ಆಳಂದ ಕಡೆಯ ಬೀಗರು, ಅವರ ಮಕ್ಕಳು, ಮನೆ ತುಂಬ ಜನ. ತೇರಿನ ದಿನ ಮಧ್ಯಾಹ್ನ ಕಡಕ್ ರೊಟ್ಟಿ ಮುರಿದು ಬಾಯಿಗೆ ಹಾಕಿದರೆ ಬಲಗಡೆಯ ಒಂದು ಹಲ್ಲು ಉಳಿದೆಲ್ಲ ಹಲ್ಲುಗಳಿಗಿಂತ ಮೊದಲು ತಾಗುತ್ತಿದೆ, ಯಾರೋ ಕೆಳಗಿನಿಂದ ಜಾಕ್ ಕೊಟ್ಟು ಎತ್ತಿದ ಹಾಗೆ. ಸಂಜೆಗೆ ಮೈ ಬೆಚ್ಚಗಾಯಿತು. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಬಲಗೆನ್ನೆಯೊಳಗೆ ನಿಂಬೆಹಣ್ಣು ಇಟ್ಟಂತೆ ಊದಿತ್ತು. ಬೀಗರ ಮೊಮ್ಮಗ ನನ್ನನ್ನು ನೋಡಿ ಕಿಸಕ್ಕನೆ ನಕ್ಕ.

ಹೆಂಡತಿ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಳು. "ರೀ, ಆಟೋ ಬಂದಿದೆ" ಎಂದಳು. ನನ್ನ ಅಭಿಪ್ರಾಯವನ್ನು ಕೇಳಲಿಲ್ಲ.

ಇಷ್ಟು ದಿನ ತಪ್ಪಿಸಿಕೊಂಡದ್ದು ಬರೀ ಕೆಲಸದ ನೆಪದಿಂದಲ್ಲ, ಹೆದರಿಕೆಯಿಂದ. ನಮ್ಮ ಹಳ್ಳಿಯಲ್ಲಿ ಹಲ್ಲಿನ ವೈದ್ಯ ಎಂದರೆ ಕೀಳುವವನು ಎಂದೇ ಅರ್ಥ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂದು ಅಪ್ಪ ಕೊನೆಯವರೆಗೂ ನಂಬಿದ್ದರು. ಕಣ್ಣಿನ ನರಕ್ಕೂ ಹಲ್ಲಿನ ನರಕ್ಕೂ ಸಂಬಂಧವಿಲ್ಲ ಎಂದು ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಅವ್ವ ಬದುಕಿರುವವರೆಗೆ ಮಿಸ್ರಿಯಿಂದ, ಅಂದರೆ ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲುಜ್ಜಿದಳು. ಅವ್ವನಿಗೆ ಎಂದೂ ಹಲ್ಲುನೋವು ಬರಲಿಲ್ಲ ಎಂದು ನಾವೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆವು. ಐವತ್ತೈದಕ್ಕೇ ಅವಳ ಬಾಯಿಯಲ್ಲಿ ನೋಯಲು ಒಂದು ಹಲ್ಲೂ ಉಳಿದಿರಲಿಲ್ಲ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸೂಪರ್ ಮಾರ್ಕೆಟ್ ಹತ್ತಿರದ ಒಂದು ಗಲ್ಲಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ದವಾಖಾನೆ. ಡಾಕ್ಟರ್ ನನ್ನ ಅಣ್ಣನ ಮಗಳ ವಯಸ್ಸಿನ ಹುಡುಗಿ. ಬಿ.ಪಿ. ನೋಡಿದರು, ಸಕ್ಕರೆ ಕಾಯಿಲೆ ಇದೆಯೇ, ರಕ್ತ ತೆಳುವಾಗಿಸುವ ಗುಳಿಗೆ ಏನಾದರೂ ಇದೆಯೇ, ಯಾವ ಔಷಧಿಯಾದರೂ ಒಗ್ಗುವುದಿಲ್ಲವೇ ಎಂದು ಕೇಳಿ ಬರೆದುಕೊಂಡರು. ಹಲ್ಲಿಗೂ ಇವಕ್ಕೂ ಏನು ಸಂಬಂಧ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ಒಸಡಿನ ರೋಗ ಬೇಗ ಬಲಿಯುತ್ತದೆ, ಗಾಯ ನಿಧಾನವಾಗಿ ಮಾಯುತ್ತದೆ. ಒಸಡು ಕೆಟ್ಟರೆ ಸಕ್ಕರೆಯೂ ಹತೋಟಿಗೆ ಬರುವುದಿಲ್ಲ. ಒಂದಕ್ಕೊಂದು ಬಡ್ಡಿ ಕಟ್ಟುತ್ತಾ ಹೋಗುತ್ತವೆ.

"ನೋವು ಯಾವಾಗ ಶುರುವಾಯಿತು, ಕಾಕಾ?"

ಸಂಕ್ರಾಂತಿ, ಬೇಳೆ, ಕಲ್ಲು, ಎಲ್ಲವನ್ನೂ ಹೇಳಿದೆ.

"ಯಾವಾಗ ನಿಂತಿತು?"

ಫೆಬ್ರವರಿಯಲ್ಲಿ ತಾನಾಗಿಯೇ ನಿಂತಿತು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಅದು ನಿಂತದ್ದಲ್ಲ, ಸತ್ತದ್ದು" ಎಂದರು. "ಒಳಗಿನ ನರ ಸತ್ತ ಮೇಲೆ ನೋವು ಹೇಳುವವರು ಯಾರು? ಈಗ ಊದಿರುವುದು ಅದು ಕೊಳೆತು ಬೇರಿನ ತುದಿಯಿಂದ ಹೊರಗೆ ಬಂದ ಕೀವು."

ಕನ್ನಡಿಯ ಹಿಡಿಕೆಯಿಂದ ಒಂದೊಂದೇ ಹಲ್ಲನ್ನು ಮೆಲ್ಲಗೆ ತಟ್ಟುತ್ತಾ ಬಂದರು. ಒಂದರ ಮೇಲೆ ತಟ್ಟಿದಾಗ ನಾನು ಕುರ್ಚಿಯಿಂದ ಒಂದು ಗೇಣು ಮೇಲೆದ್ದೆ. ಬೆರಳಗಲದ ಬಿಲ್ಲೆಯೊಂದನ್ನು ಬಾಯಿಯೊಳಗಿಟ್ಟು ಎಕ್ಸ್‌ರೇ ತೆಗೆದರು. ಚಿತ್ರ ಆ ಕ್ಷಣವೇ ಕಂಪ್ಯೂಟರ್ ಪರದೆಯ ಮೇಲೆ ಬಂತು. ಕೆಳಗೆ 46 ಎಂದು ಬರೆದಿತ್ತು.

ಅದನ್ನು ನೋಡಿ ಗಾಬರಿಯಾಯಿತು. ಮನುಷ್ಯನಿಗೆ ಇರುವುದೇ 32 ಹಲ್ಲು, 46 ಎಲ್ಲಿಂದ ಬಂತು? ಡಾಕ್ಟರ್ ನಕ್ಕು ವಿವರಿಸಿದರು. ಬಾಯಿಯನ್ನು ನಾಲ್ಕು ಪಾಲು ಮಾಡುತ್ತಾರೆ: ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4. ಪ್ರತಿ ಪಾಲಿನಲ್ಲೂ ನಡುಗೆರೆಯಿಂದ ಹಿಂದಕ್ಕೆ ಒಂದರಿಂದ ಎಂಟರವರೆಗೆ ಎಣಿಕೆ. ಹಾಗಾಗಿ 46 ಎಂದರೆ ಕೆಳಗಿನ ಬಲಪಾಲಿನ ಆರನೆಯ ಹಲ್ಲು. ನಮ್ಮ ಖಾತೆ ನಂಬರುಗಳ ಹಾಗೆಯೇ. ಅಲ್ಲಿಂದ ಆಚೆಗೆ ಹೆದರಿಕೆ ಅರ್ಧ ಕಡಿಮೆಯಾಯಿತು. ನಂಬರು ಇರುವ ಯಾವುದಕ್ಕೂ ನಾನು ಬಹಳ ಹೆದರುವವನಲ್ಲ.

ಈ ಆರನೆಯ ಹಲ್ಲು ಹುಟ್ಟುವುದೂ ಸುಮಾರು ಆರನೆಯ ವಯಸ್ಸಿಗೇ. ಯಾವ ಹಾಲುಹಲ್ಲೂ ಬೀಳದೆ, ಎಲ್ಲವುಗಳ ಹಿಂದೆ ಸದ್ದಿಲ್ಲದೆ ಬರುತ್ತದೆ. ಅದಕ್ಕೇ ತಂದೆ-ತಾಯಿ ಅದನ್ನೂ ಹಾಲುಹಲ್ಲೆಂದು ತಿಳಿದು, ಹುಳುಕಾದರೆ ಬಿದ್ದು ಹೊಸದು ಬರುತ್ತದೆ ಎಂದು ಸುಮ್ಮನಿರುತ್ತಾರೆ. ಬರುವುದಿಲ್ಲ. ಇದ್ದದ್ದು ಅದೊಂದೇ.

ಪರದೆಯ ಮೇಲೆ ಹಲ್ಲಿನ ಎರಡು ಬೇರುಗಳ ತುದಿಯಲ್ಲಿ ಕಪ್ಪು ನೆರಳು. ಅದು ಕೀವು ತಿಂದು ಹಾಕಿದ ಎಲುಬು. ಅದಕ್ಕಿಂತ ನನ್ನನ್ನು ಚುಚ್ಚಿದ್ದು ಮೇಲಿನ ಇನ್ನೊಂದು ನೆರಳು. ಪಕ್ಕದ ಹಲ್ಲಿಗೆ ತಾಗುವ ಜಾಗದಿಂದ ಶುರುವಾಗಿ ಒಳಗೊಳಗೇ ಬಿಲ ಕೊರೆದುಕೊಂಡು ನರದವರೆಗೆ ಇಳಿದಿತ್ತು. ಹೊರಗಿನ ಗೋಡೆ ಮಾತ್ರ ನೆಟ್ಟಗೆ ನಿಂತಿತ್ತು.

"ಇದು ಎರಡು ತಿಂಗಳ ಕೆಲಸವಲ್ಲ, ವರ್ಷಗಟ್ಟಲೆಯದು. ಕಲ್ಲಿನದೇನೂ ತಪ್ಪಿಲ್ಲ, ಕಾಕಾ. ಅದು ಸಿಗದಿದ್ದರೆ ಅನ್ನದ ಅಗುಳಿಗೇ ಮುರಿಯುತ್ತಿತ್ತು" ಎಂದರು.

ಎರಡು ತಿಂಗಳು ಆ ಕಲ್ಲಿನ ಹೆಸರಿಗೆ ಬರೆದಿದ್ದ ಬಾಕಿಯೆಲ್ಲ ಒಂದೇ ಗಳಿಗೆಯಲ್ಲಿ ನನ್ನ ಹೆಸರಿಗೆ ವರ್ಗವಾಯಿತು.

ಹುಳುಕು ಎಂದರೆ ಹುಳು ಅಲ್ಲ ಎಂಬುದೂ ಅಂದೇ ಸ್ಪಷ್ಟವಾಯಿತು. ನಮ್ಮ ಭಾಷೆಯೇ ನಮಗೆ ಮೋಸ ಮಾಡಿದೆ; ಹಲ್ಲಿನೊಳಗೆ ಹುಳು ಇದೆ, ಅದು ಸತ್ತರೆ ನೋವು ಹೋಗುತ್ತದೆ ಎಂದುಕೊಂಡು ಬೆಳೆದವರು ನಾವು. ನಿಜವಾಗಿ ನಡೆಯುವುದು ಇಷ್ಟು: ಹಲ್ಲಿನ ಮೇಲೆ ಅಂಟಿಕೊಂಡ ಸೂಕ್ಷ್ಮಾಣುಗಳು ನಾವು ತಿಂದ ಸಕ್ಕರೆಯನ್ನು ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲಿನ ಕವಚವನ್ನು ಕರಗಿಸುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಹಲ್ಲಿಗೆ ಖನಿಜ ಮರಳಿಸುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆಯಾದರೂ ಬಿಡುವು ಬೇಕು. ಎಷ್ಟು ಸಕ್ಕರೆ ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಸಲ ಎಂಬುದೇ ಮುಖ್ಯ.

"ದಿನಕ್ಕೆ ಎಷ್ಟು ಚಹಾ, ಕಾಕಾ?"

ಮಿಲ್ಲಿನ ಎದುರಿಗೇ ಚಹಾದ ಅಂಗಡಿ. ಅರ್ಧ ಲೋಟದ ಚಹಾ, ಚಮಚ ನಿಲ್ಲುವಷ್ಟು ಸಕ್ಕರೆ. ವ್ಯಾಪಾರಿ ಬಂದರೆ ಒಂದು, ಲಾರಿ ಬಂದರೆ ಒಂದು, ಲೆಕ್ಕ ತಾಳೆಯಾಗದಿದ್ದರೆ ಒಂದು, ತಾಳೆಯಾದರೆ ಇನ್ನೊಂದು. ಕುರ್ಚಿಯಲ್ಲಿ ಮಲಗಿಕೊಂಡೇ ಲೆಕ್ಕ ಹಾಕಿದೆ: ಹನ್ನೆರಡು. ಹನ್ನೆರಡು ಅರ್ಧ ಗಂಟೆ ಎಂದರೆ ಆರು ಗಂಟೆ. ದಿನಕ್ಕೆ ಆರು ಗಂಟೆಯಂತೆ ಇಪ್ಪತ್ತೆಂಟು ವರ್ಷ ನನ್ನ ಹಲ್ಲುಗಳು ಹುಳಿಯಲ್ಲಿ ನೆನೆದಿದ್ದವು. ಮುಂದಿನ ಗುಣಾಕಾರವನ್ನು ನಾನು ಮಾಡಲಿಲ್ಲ.

ಆಂಟಿಬಯಾಟಿಕ್ ಬರೆದುಕೊಟ್ಟರೆ ಸಾಲದೇ ಎಂದು ಕೇಳಿದೆ. ಬಾವು, ಜ್ವರ ಇದ್ದದ್ದರಿಂದ ಐದು ದಿನಕ್ಕೆ ಬರೆದುಕೊಟ್ಟರು, ಆದರೆ ಅದರಿಂದಲೇ ವಾಸಿಯಾಗುವುದಿಲ್ಲ ಎಂದರು. ಗುಳಿಗೆ ರಕ್ತದ ಮೂಲಕ ಹೋಗಬೇಕು. ಸತ್ತ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ. ಉಳಿದದ್ದು ಎರಡು ದಾರಿ. ಕೀಳುವುದು, ಇಲ್ಲವೇ ಬೇರು ಸ್ವಚ್ಛ ಮಾಡಿ ಉಳಿಸಿಕೊಳ್ಳುವುದು. ಕಿತ್ತರೆ ಐದುನೂರು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಆಮೇಲೆ ಪಕ್ಕದ ಹಲ್ಲು ಖಾಲಿ ಜಾಗಕ್ಕೆ ವಾಲುತ್ತದೆ, ಮೇಲಿನ ಹಲ್ಲು ಕೆಳಗೆ ಜಾರುತ್ತದೆ, ಆ ಕಡೆ ಜಗಿಯುವುದೇ ನಿಲ್ಲುತ್ತದೆ. ಜಾಗ ತುಂಬಿಸಲು ಎಲುಬಿನಲ್ಲಿ ತಿರುಪು ಕೂರಿಸಿ ಹೊಸ ಹಲ್ಲು ಕಟ್ಟುವ ಇಂಪ್ಲಾಂಟ್‌ಗೆ ಅಲ್ಲಿ ಹೇಳಿದ ದರ ಇಪ್ಪತ್ತೈದು ಸಾವಿರ. ಬೇರು ಸ್ವಚ್ಛ ಮಾಡುವ ರೂಟ್ ಕೆನಾಲ್‌ಗೆ ನಾಲ್ಕು ಸಾವಿರ, ಆಮೇಲೆ ಹಲ್ಲಿನ ಮೇಲೆ ಕೂರಿಸುವ ಟೊಪ್ಪಿಗೆಗೆ ಬೇರೆ. ಇದೇ ಹುಳುಕು ಮೇಲಿನ ಪದರದಲ್ಲಿದ್ದಾಗ ಬಂದಿದ್ದರೆ ಎಂಟುನೂರು ರೂಪಾಯಿಯ ಫಿಲ್ಲಿಂಗಿನಲ್ಲಿ ಮುಗಿಯುತ್ತಿತ್ತು ಎಂದಾಗ ಹೆಂಡತಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರವನ್ನು ನೋಡಿದೆ.

ಸೂಜಿಯ ಬಗ್ಗೆ ಬಹಳ ಕೇಳಿದ್ದೆ. ಕೆಳದವಡೆಯ ಹಿಂದಿನ ಹಲ್ಲಿಗೆ ಹಲ್ಲಿನ ಬುಡದಲ್ಲಿ ಚುಚ್ಚುವುದಿಲ್ಲ; ಬಾಯಿಯ ಹಿಂಭಾಗದಲ್ಲಿ, ಇಡೀ ಅರ್ಧ ದವಡೆಯ ನರ ಎಲುಬಿನೊಳಗೆ ಹೊಗುವ ಜಾಗದ ಹತ್ತಿರ ಕೊಡುತ್ತಾರೆ. ಇರುವೆ ಕಚ್ಚಿದಷ್ಟೇ ಎಂದು ಬರೆದರೆ ಸುಳ್ಳಾಗುತ್ತದೆ, ಚೇಳು ಎಂದರೂ ಸುಳ್ಳು. ಕಣಜದಷ್ಟು ಎನ್ನಬಹುದು. ಎರಡು ನಿಮಿಷಕ್ಕೆ ಕೆಳತುಟಿಯ ಬಲಭಾಗ ಜುಮುಗುಟ್ಟಿತು, ಆಮೇಲೆ ತುಟಿ ಹಪ್ಪಳದಷ್ಟು ಅಗಲವಾದಂತೆ ಅನಿಸಿತು. ಕೈಯಿಂದ ಮುಟ್ಟಿದರೆ ಬೇರೆ ಯಾರದೋ ತುಟಿ.

ಹಲ್ಲಿಗೆ ಕ್ಲಿಪ್ಪು ಹಾಕಿ ನೀಲಿ ರಬ್ಬರಿನ ಹಾಳೆ ಎಳೆದು ಕಟ್ಟಿದರು. ಬಾಯಿಯೆಲ್ಲ ಮರೆಯಾಗಿ 46 ಒಂದೇ ಹೊರಗೆ ತಲೆ ಹಾಕಿತ್ತು. ಜೊಲ್ಲು ಹಲ್ಲಿನೊಳಗೆ ಹೋಗಬಾರದು, ಹಲ್ಲಿನೊಳಗೆ ಹಾಕುವ ಔಷಧಿ ಗಂಟಲಿಗೆ ಇಳಿಯಬಾರದು ಎಂದು ಈ ಏರ್ಪಾಡು. ಡ್ರಿಲ್ಲಿನ ಸದ್ದು ನಮ್ಮ ಮಿಲ್ಲಿನ ಮುಂದೆ ಏನೂ ಅಲ್ಲ, ಆದರೆ ಅದು ತಲೆಬುರುಡೆಯ ಒಳಗಿನಿಂದ ಕೇಳಿಸುತ್ತದೆ. ಅರ್ಧ ನಿಮಿಷದಲ್ಲಿ ಏನೋ ಬಿಟ್ಟುಕೊಟ್ಟಂತಾಯಿತು. ಕೂಡಲೇ ಕೊಳೆತ ವಾಸನೆ. ರಬ್ಬರಿನ ಹಾಳೆಯ ಆಚೆಯಿಂದಲೂ ಮೂಗಿಗೆ ಬಡಿಯಿತು. ಅದರ ಹಿಂದೆಯೇ ದವಡೆಯೊಳಗಿನ ಬಿಗುವು ಸಡಿಲವಾಯಿತು. ಟ್ಯೂಬಿನಿಂದ ಗಾಳಿ ಬಿಟ್ಟಂತೆ ಇಳಿಯುತ್ತಾ ಹೋಯಿತು. ಆ ವಾಸನೆಗೆ ನಾಚಿಕೆ, ಆ ಹಗುರಕ್ಕೆ ಕಣ್ಣಲ್ಲಿ ನೀರು.

ಅಂದು ಒಳಗೆ ತೊಳೆದು, ಸುಣ್ಣದ ಜಾತಿಯ ಒಂದು ಔಷಧಿ ತುಂಬಿ, ಮೇಲೆ ತಾತ್ಕಾಲಿಕ ಸಿಮೆಂಟ್ ಹಚ್ಚಿ ಕಳಿಸಿದರು. ಮನೆಗೆ ಬಂದಾಗ ಬಾಯಿ ತುಂಬ ಲವಂಗದ ವಾಸನೆ. ಆ ಸಿಮೆಂಟಿನಲ್ಲಿ ಇರುವುದೂ ಅದೇ ಲವಂಗದೆಣ್ಣೆಯ ಯೂಜಿನಾಲ್. ಅವ್ವನ ಡಬ್ಬಿಯ ಲವಂಗ ಪೂರ್ತಿ ಸುಳ್ಳಲ್ಲ, ಅದು ಬಾಗಿಲು ಮುಚ್ಚುವವರೆಗಿನ ಕಾವಲು ಮಾತ್ರ. ಮರವು ಇಳಿಯುವವರೆಗೆ ತಿನ್ನಬೇಡಿ ಎಂದಿದ್ದರು. ನಾನು ಚಹಾ ಕುಡಿಯಲು ಹೋಗಿ ಅರ್ಧವನ್ನು ಅಂಗಿಗೆ ಕುಡಿಸಿದೆ.

ಎರಡನೆಯ ಸಲ ಹೋದಾಗ ನಿಜವಾದ ಕೆಲಸ. ಒಂದು ಗಂಟೆ ಹಿಡಿಯಿತು, ನೋವು ಇರಲಿಲ್ಲ, ದವಡೆ ಸೋತದ್ದು ಬಿಟ್ಟರೆ. ಈ ಹಲ್ಲಿಗೆ ಬೇರು ಎರಡೇ ಆದರೂ ಒಳಗಿನ ಕಾಲುವೆ ಸಾಮಾನ್ಯವಾಗಿ ಮೂರು, ಕೆಲವರಿಗೆ ನಾಲ್ಕು. ಮೂರು ಸಿಕ್ಕವು. ಡಾಕ್ಟರ್ ಕನ್ನಡಕಕ್ಕೆ ಭೂತಗನ್ನಡಿ ಸಿಕ್ಕಿಸಿಕೊಂಡು ನಾಲ್ಕನೆಯದಕ್ಕೆ ಹುಡುಕಿದರು, ನನಗೆ ಮೆಚ್ಚುಗೆಯಾದದ್ದು ಅಲ್ಲಿಯೇ. ಮೂರು ಸಿಕ್ಕಿದ ಮೇಲೆ ಸಾಕೆನ್ನಬಹುದಿತ್ತು. ಒಂದು ಕಾಲುವೆ ತಪ್ಪಿಹೋದರೆ ಅದರಲ್ಲಿ ಉಳಿದ ಕೊಳೆ ವರ್ಷ ಬಿಟ್ಟು ಮತ್ತೆ ಬಾವು ತರುತ್ತದೆಯಂತೆ. ಹತ್ತು ನಿಮಿಷದ ಮೇಲೆ "ಸಿಕ್ಕಿತು" ಎಂದರು. ಲೆಕ್ಕದಲ್ಲಿ ಐದು ಪೈಸೆ ಫರಕು ಬಂದರೆ ರಾತ್ರಿಯೆಲ್ಲ ಕುಳಿತು ಹುಡುಕುವವರ ಜಾತಿ. ನನ್ನ ಜಾತಿ.

ಒಳಗೆ ಬಿಡುವ ಸೂಜಿಗಳಿಗೆ ಫೈಲ್ ಎನ್ನುತ್ತಾರೆ. ಒಂದೊಂದಕ್ಕೂ ಹಿಡಿಯ ಬಣ್ಣ ಬೇರೆ, ನಂಬರು ಬೇರೆ: 15 ಬಿಳಿ, 20 ಹಳದಿ, 25 ಕೆಂಪು, 30 ನೀಲಿ. ನಂಬರು ಎಂದರೆ ತುದಿಯ ದಪ್ಪ, ಮಿಲಿಮೀಟರಿನ ನೂರನೆಯ ಪಾಲಿನಲ್ಲಿ. 15 ಎಂದರೆ 0.15 ಮಿಲಿಮೀಟರ್. ಬೇರಿನ ಉದ್ದ ಅಳೆಯಲು ಒಂದು ಪುಟ್ಟ ಯಂತ್ರ. ಅದರ ಒಂದು ಕೊಕ್ಕೆ ತುಟಿಗೆ, ಇನ್ನೊಂದು ತುದಿ ಸೂಜಿಗೆ. ಸೂಜಿ ಬೇರಿನ ತುದಿಗೆ ಹತ್ತಿರವಾದಂತೆ ಕಾರು ಹಿಂದಕ್ಕೆ ತೆಗೆಯುವಾಗ ಬರುವಂತಹ ಬೀಪ್ ಬೀಪ್ ಸದ್ದು ಜೋರಾಗುತ್ತದೆ. ಸಹಾಯಕಿ ಬರೆದುಕೊಳ್ಳುತ್ತಿದ್ದಳು: 19.5, 20, 20.5, 20. ನಾನೂ ಮನಸ್ಸಿನಲ್ಲಿ ಬರೆದುಕೊಂಡೆ. ನಡುನಡುವೆ ತೊಳೆಯುವ ನೀರಿಗೆ ನಗರಸಭೆಯವರು ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ವಾಸನೆ. ಸೋಡಿಯಂ ಹೈಪೋಕ್ಲೋರೈಟ್, ಬಿಳಿ ಬಟ್ಟೆಯ ಕಲೆ ತೆಗೆಯುವುದೂ ಅದೇ. ಸೂಜಿ ಮುಟ್ಟದ ಸಂದುಗೊಂದುಗಳಲ್ಲಿ ಕೊಳೆತದ್ದನ್ನು ಕರಗಿಸುವುದು ಅದರ ಕೆಲಸ.

ಮುಂದಿನ ವಾರ ಕಾಲುವೆ ತುಂಬಿಸಲು ಬನ್ನಿ ಎಂದರು. ಊತ ಇಳಿದಿತ್ತು, ನೋವು ಇರಲಿಲ್ಲ, ಎದುರಿಗೆ ಮಾರ್ಚ್ ಅಖೈರು. ವರ್ಷದ ಲೆಕ್ಕ ಮುಗಿಸುವ ಮುನೀಮನಿಗೆ ಹಲ್ಲು ಯಾವ ಲೆಕ್ಕ? ಎರಡು ಸಲ ಫೋನ್ ಬಂತು, ಎರಡು ಸಲವೂ ನಾಳೆ ಎಂದೆ. ಹೌದು, ಫೆಬ್ರವರಿಯಲ್ಲಿ ಮಾಡಿದ ಮೂರ್ಖತನವನ್ನೇ ಮತ್ತೊಮ್ಮೆ ಮಾಡಿದೆ, ಎಲ್ಲವನ್ನೂ ತಿಳಿದುಕೊಂಡ ಮೇಲೆ. ಏಪ್ರಿಲ್ ಎರಡನೆಯ ವಾರ ಹುರಿದ ಶೇಂಗಾ ತಿನ್ನುವಾಗ ತಾತ್ಕಾಲಿಕ ಸಿಮೆಂಟ್ ಕಳಚಿ ಶೇಂಗಾದ ಜೊತೆಗೆ ಹೊಟ್ಟೆಗೆ ಹೋಯಿತು. ನಾಲಿಗೆ ಹಾಕಿದರೆ ಬಾವಿ. ಮರುದಿನ ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ ಮೆಟ್ಟಿಲು ಹತ್ತಿದೆ. ಡಾಕ್ಟರ್ ಬೈಯಲಿಲ್ಲ. ಮತ್ತೆ ಮೊದಲಿನಿಂದ ತೊಳೆಯಬೇಕು ಎಂದರು, ಒಳಗೆ ಜೊಲ್ಲು ಹೋಗಿದೆ ಎಂದರು, ಇನ್ನೊಂದು ವಾರ ಔಷಧಿ ಇಡಬೇಕು ಎಂದರು. ಆ ಶಾಂತ ಸ್ವರ ಬೈಗುಳಕ್ಕಿಂತ ಖಾರವಾಗಿತ್ತು.

ಕೊನೆಗೆ ತುಂಬಿಸಿದರು. ಗಟ್ಟಾ ಪರ್ಚಾ ಎಂಬ ಗುಲಾಬಿ ಬಣ್ಣದ ತೆಳು ಕಡ್ಡಿಗಳು. ಮಲಯ ಸೀಮೆಯ ಒಂದು ಮರದ ಹಾಲಿನಿಂದ ಬಂದ ವಸ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರದ ಅಡಿಯ ತಂತಿಗಳಿಗೆ ನೀರು ಹೊಗದಂತೆ ಸುತ್ತುತ್ತಿದ್ದುದೂ ಇದನ್ನೇ. ಕಡಲೊಳಗಿನ ತಾರನ್ನು ಕಾಯ್ದದ್ದು ನನ್ನ ಜೊಲ್ಲನ್ನು ತಡೆಯದೇ ಹೋಗುವುದಿಲ್ಲ ಎಂದು ಧೈರ್ಯ ತಂದುಕೊಂಡೆ.

ಟೊಪ್ಪಿಗೆ ಹಾಕುವ ಮೊದಲು ಹಲ್ಲೆಲ್ಲ ಸ್ವಚ್ಛ ಮಾಡಬೇಕು ಎಂದರು. ಸ್ವಚ್ಛ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮಲ್ಲಿ ಹೇಳದವರಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ, ಜೊಲ್ಲು ಬಂದು ಬೀಳುವ ಜಾಗದಲ್ಲಿ, ನನಗೆ ಗಾರೆ ಕಟ್ಟಿದ ಗೋಡೆಯೇ ಇತ್ತು. ನಡುಗುವ ಮೊನೆಯಿಂದ ಅದನ್ನು ಉದುರಿಸಿ ಬಟ್ಟಲಿಗೆ ಉಗುಳಿಸಿದರು. ಬೆಲ್ಲದ ಹುಡಿಯಂತೆ ಕಂದು ಚೂರುಗಳು. ಆ ರಾತ್ರಿ ನಾಲಿಗೆಗೆ ಹಲ್ಲುಗಳ ನಡುವಿನ ಸಂದುಗಳು ತಗುಲಿ ಎಲ್ಲವೂ ಅಲ್ಲಾಡುತ್ತಿವೆ ಎಂದು ದಿಗಿಲಾಯಿತು. ಅಲ್ಲಾಡುತ್ತಿರಲಿಲ್ಲ. ಗಾರೆ ಒಸಡನ್ನು ತಿಂದು ಮಾಡಿದ್ದ ಸಂದನ್ನು ಗಾರೆಯೇ ಮುಚ್ಚಿ ಕುಳಿತಿತ್ತು, ಈಗ ಬಯಲಾಯಿತು ಅಷ್ಟೇ. ಹತ್ತು ದಿನದಲ್ಲಿ ಒಸಡಿನಿಂದ ರಕ್ತ ಬರುವುದು ನಿಂತಿತು. ರಕ್ತ ಬರುತ್ತದೆ ಎಂದು ನಾನು ಉಜ್ಜುವುದನ್ನೇ ಬಿಟ್ಟಿದ್ದ ಜಾಗ ಅದು.

ಮುಂದಿನ ಹಲ್ಲುಗಳ ಮೇಲಿನ ಕಂದು ಗೆರೆಗಳು ಮಾತ್ರ ಹೋಗಲಿಲ್ಲ. ಅವು ಕೊಳೆಯಲ್ಲ, ಹುಟ್ಟೂರಿನ ಬೋರ್‌ವೆಲ್ಲಿನ ಗುರುತು. ಯಾದಗಿರಿ ಕಡೆಯ ನಮ್ಮ ಹಳ್ಳಿಯಲ್ಲಿ ನನ್ನ ವಾರಿಗೆಯವರೆಲ್ಲರ ಹಲ್ಲೂ ಹಾಗೆಯೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನದಂಡ. ಅದಕ್ಕಿಂತ ಹೆಚ್ಚಿನ ಫ್ಲೋರೈಡಿನ ನೀರನ್ನು ಹಲ್ಲು ಒಸಡಿನೊಳಗೆ ತಯಾರಾಗುವ ವಯಸ್ಸಿನಲ್ಲಿ ಕುಡಿದರೆ ಕಲೆ ಕವಚದ ಒಳಗೇ ಮೂಡುತ್ತದೆ. ಹಾಗಾದರೆ ಫ್ಲೋರೈಡ್ ಇರುವ ಪೇಸ್ಟ್ ಏಕೆ ಎಂದು ವಾದಕ್ಕೆ ನಿಂತೆ. ಕುಡಿಯುವುದು ಬೇರೆ, ಹಚ್ಚಿ ಉಗುಳುವುದು ಬೇರೆ; ಹಚ್ಚಿದ್ದು ಹಲ್ಲಿನ ಮೇಲ್ಮೈಯನ್ನು ಗಟ್ಟಿ ಮಾಡುತ್ತದೆ. ಉಜ್ಜಿದ ಮೇಲೆ ಉಗುಳಿ, ತಂಬಿಗೆಗಟ್ಟಲೆ ನೀರಿನಿಂದ ಮುಕ್ಕಳಿಸಿ ಅದನ್ನು ತೊಳೆದುಹಾಕಬೇಡಿ ಎಂದರು.

ಉಜ್ಜುವುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಒಂದು ಬಣ್ಣದ ಗುಳಿಗೆ ಜಗಿಸಿ, ಮುಕ್ಕಳಿಸಿ, ಕನ್ನಡಿ ಕೊಟ್ಟರು. ಕೊಳೆ ಉಳಿದ ಕಡೆಯೆಲ್ಲ ನೇರಳೆ ಬಣ್ಣ. ಐವತ್ತೆರಡು ವರ್ಷದ ಗಂಡಸು, ಬೀಟ್‌ರೂಟ್ ಕದ್ದು ತಿಂದ ಹುಡುಗನ ಬಾಯಿ. ಗಟ್ಟಿ ಬ್ರಷ್ಷೇ ಒಳ್ಳೆಯದೆಂದು ಪಾತ್ರೆ ತಿಕ್ಕಿದಂತೆ ತಿಕ್ಕಿ ಎಡಗಡೆಯ ಹಲ್ಲುಗಳ ಬುಡ ಸವೆಸಿಕೊಂಡಿದ್ದೆ, ಒಸಡಿನ ಅಂಚು ಮಾತ್ರ ಹಾಗೆಯೇ ನೇರಳೆ. ಈಗ ಮೆತ್ತನೆಯ ಬ್ರಷ್, ಒಸಡಿನ ಕಡೆಗೆ ಓರೆಯಾಗಿ ಹಿಡಿದು ಪುಟ್ಟ ಪುಟ್ಟ ಸುತ್ತು, ಎರಡು ನಿಮಿಷ. ಬೆಳಿಗ್ಗೆ ತಪ್ಪಿದರೂ ರಾತ್ರಿ ತಪ್ಪಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆ, ತೊಳೆಯುವವರಿಲ್ಲ.

ಟೊಪ್ಪಿಗೆ ಯಾವುದು ಎಂಬ ಪ್ರಶ್ನೆ ಬಂತು. ಬರೀ ಲೋಹದ್ದು, ಲೋಹದ ಮೇಲೆ ಪಿಂಗಾಣಿಯದು, ಜಿರ್ಕೋನಿಯಾದ್ದು. ದರ ಅದೇ ಕ್ರಮದಲ್ಲಿ ಏರುತ್ತದೆ. ನರ ತೆಗೆದು ನಡುವೆ ಟೊಳ್ಳು ಮಾಡಿದ ದವಡೆ ಹಲ್ಲು ಟೊಪ್ಪಿಗೆ ಇಲ್ಲದೆ ಜಗಿದರೆ ಸೀಳಿಹೋಗಬಹುದು, ಸೀಳಿದರೆ ಕೀಳುವುದೇ. ಲೋಹದ್ದಕ್ಕೆ ಹಲ್ಲನ್ನು ಕಡಿಮೆ ತೆಳುಮಾಡಿದರೆ ಸಾಕು ಎಂದು ತಿಳಿದಾಗ ನಾನು ಅದಕ್ಕೇ ಒಲಿದೆ, ಎರಡು ಸಾವಿರ ಎಂಬುದೂ ಕಾರಣ. ನಕ್ಕಾಗ ಕಾಣಬಹುದು ಎಂದು ಡಾಕ್ಟರ್ ಎಚ್ಚರಿಸಿದರು.

"ಹಾಗಿದ್ದರೆ ಪರವಾಗಿಲ್ಲ, ಯಾರಿಗೂ ಕಾಣುವುದಿಲ್ಲ" ಎಂದಳು ಹೆಂಡತಿ.

ಮೇ ತಿಂಗಳ ಮೊದಲ ವಾರ ಟೊಪ್ಪಿಗೆ ಕೂತಿತು. ಕಾರ್ಬನ್ ಹಾಳೆ ಕಚ್ಚಿಸಿ, ಎತ್ತರ ತಾಗಿದ ಕಡೆ ಚುಕ್ಕಿ ನೋಡಿ ಉಜ್ಜಿ, ಮತ್ತೆ ಕಚ್ಚಿಸಿ ಹೊಂದಿಸಿದರು. ಒಟ್ಟು ಖರ್ಚು ಎಂಟು ಸಾವಿರದ ಇನ್ನೂರು. ಮನೆಯ ಕಿರ್ದಿಯಲ್ಲಿ ಅದನ್ನು ಔಷಧಿಯ ಖಾತೆಗೆ ಬರೆಯಲು ಹೋಗಿ, ಯೋಚಿಸಿ, ಯಂತ್ರ ದುರಸ್ತಿ ಎಂದು ಬರೆದೆ.

ಮರುದಿನ ಮಿಲ್ಲಿನಲ್ಲಿ ಎಲ್ಲರಿಗೂ ಬಾಯಿ ತೆರೆದು ತೋರಿಸಿದೆ. ತಂಬಾಕಿನ ಎಸಳು ಇಟ್ಟುಕೊಳ್ಳಿ ಎಂದಿದ್ದ ಹಮಾಲನೂ ಬಗ್ಗಿ ನೋಡಿದ. ಮೂವತ್ತು ದಾಟಿರದ ಹುಡುಗ, ಕ್ವಿಂಟಲ್‌ಗಟ್ಟಲೆ ತೊಗರಿ ಬೆನ್ನ ಮೇಲೆ ಹೊರುತ್ತಾನೆ. ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಇವನ ಜೇಬಿನಲ್ಲಿ ಈಗ ಅಡಿಕೆಯ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು. ಇತ್ತೀಚೆಗೆ ಅವನು ಬೇಳೆಗೆ ಖಾರ ಹಾಕಿಸಿಕೊಳ್ಳುವುದಿಲ್ಲ, ಬಾಯಿ ಉರಿಯುತ್ತದೆ ಎನ್ನುತ್ತಾನೆ, ರೊಟ್ಟಿಯನ್ನು ಸಣ್ಣ ಸಣ್ಣ ಚೂರು ಮಾಡಿ ತಿನ್ನುತ್ತಾನೆ. ದವಾಖಾನೆಯ ಗೋಡೆಯ ಮೇಲೊಂದು ಚಿತ್ರ ನೋಡಿದ್ದೆ. ಅಡಿಕೆ ಜಗಿಯುವವರ ಕೆನ್ನೆಯ ಒಳಚರ್ಮ ನಾರಿನಂತೆ ಬಿಗಿದು ಬಾಯಿ ಕಿರಿದಾಗುತ್ತದೆ, ಕೆಲವರಲ್ಲಿ ಅದು ಮುಂದೆ ಕ್ಯಾನ್ಸರ್ ಆಗುತ್ತದೆ. ತಂಬಾಕು ಇಲ್ಲದಿದ್ದರೂ ಅಡಿಕೆ ಒಂದೇ ಸಾಕು.

"ಮೂರು ಬೆರಳು ಜೋಡಿಸಿ ನೆಟ್ಟಗೆ ಬಾಯಿಯೊಳಗೆ ಇಡು ನೋಡೋಣ" ಎಂದೆ.

ಉಳಿದವರೂ ನಗುತ್ತಾ ತಮ್ಮ ತಮ್ಮ ಬೆರಳಿಟ್ಟು ನೋಡಿದರು. ಅವರವು ಹೋದವು. ಅವನೂ ನಗುತ್ತಲೇ ಇಟ್ಟ. ಮೂರು ಹೋಗಲಿಲ್ಲ. ಒಂದನ್ನು ಮಡಿಸಿ ಎರಡು ಇಟ್ಟ. ಉಗುರಿನವರೆಗೆ ಹೋಗಿ ನಿಂತವು.

"ಮುನೀಮರೇ, ಇದು ನೋಯುವುದೇ ಇಲ್ಲ" ಎಂದ.

ಸಾಹುಕಾರರನ್ನು ಕೇಳಿ ಗುರುವಾರ ಅವನಿಗೆ ಅರ್ಧ ದಿನದ ರಜೆ ಕೊಡಿಸಿದ್ದೇನೆ. ಹತ್ತೂವರೆಗೆ ಮಿಲ್ಲಿನ ಗೇಟಿನ ಹತ್ತಿರ ಇರುತ್ತೇನೆ ಎಂದಿದ್ದಾನೆ. ಆಟೋದವನಿಗೆ ಹೇಳಿಟ್ಟಿದ್ದೇನೆ.